ಬೇಡ್ತಿ ಹೊಳೆಯ ಬಣ್ಣ

ಡ್ರಾಯಿಂಗ್ ಮಾಸ್ತರು ಹೋದ ಸುದ್ದಿ ನನಗೆ ತಿಳಿದದ್ದು ಅವರ ಹದಿಮೂರನೆಯ ದಿನದ ಊಟವೂ ಮುಗಿದ ಮೇಲೆ. ಬೇಸಿಗೆ ರಜೆಗೆ ನಾನು ಹಾವೇರಿ ಕಡೆಯ ನನ್ನೂರಿಗೆ ಹೋಗಿದ್ದೆ. ತಿರುಗಿ ಶಿರಸಿಗೆ ಬಂದು ಮೋಟಾರು ಇಳಿದು ನಿಂತಿದ್ದೇನೆ, ಎದುರಿಗೆ ನಮ್ಮ ಶಾಲೆಯ ಜವಾನ ಸಿಕ್ಕ. "ಡ್ರಾಯಿಂಗ್ ಮಾಸ್ತರು ಹೋದ್ರು. ಚಳಿಜ್ವರ. ನಾಕೇ ದಿನ" ಎಂದ. ನಾನು ಟ್ರಂಕು ಹೊರಿಸಿಕೊಂಡು ಮನೆಗೆ ಹೋಗಿ, ಕೈಕಾಲು ತೊಳೆದು ಊಟಕ್ಕೆ ಕೂತೆ. ಊಟ ಸೇರಿತು ಕೂಡ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಸೇರಿತು.

ಸಂಜೆ ಅವರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲ ಸಂದಿನಲ್ಲಿ ಕೂತಿದ್ದರು. ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರೇ ಕೇಳಿದರು: "ಯಲ್ಲಾಪುರಕ್ಕೆ ಹೋಗಿ ಬಂದ ಮೇಲೆ ಇವ್ರು ಗಾಜು ಮುಟ್ಟಲೇ ಇಲ್ಲೆ. ನಿಂಗಳೇ ಕರಕಂಡು ಹೋಗಿದ್ರಲ್ದಾ? ಅಲ್ಲಿ ಎಂತ ಆತು?"

"ಏನೂ ಆಗ್ಲಿಲ್ರಿ" ಎಂದೆ.

ಮಾರನೆಯ ವಾರ ಶಾಲೆ ಶುರುವಾದಾಗ ಸಂತಾಪದ ಸಭೆ ಕೂಡಿತು. ಮಾತುಗಾರನೆಂದು ನನ್ನನ್ನೇ ಎಬ್ಬಿಸಿದರು. ಸಾತ್ವಿಕರು, ಕಲೋಪಾಸಕರು, ಅಜಾತಶತ್ರು, ಹೀಗೆ ಎಲ್ಲ ಮಾಸ್ತರರಿಗೂ ಸಲ್ಲುವ ಮಾತುಗಳನ್ನು ಅವರಿಗೂ ಸಲ್ಲಿಸಿ ಕೂತೆ. ಹೇಳಬೇಕಾದದ್ದು ಅಲ್ಲಿ ಹೇಳಲಿಲ್ಲ, ಅವರ ಹೆಂಡತಿಗೂ ಹೇಳಲಿಲ್ಲ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಊರಿನವರು ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ನನಗೂ ಅವರು ಡ್ರಾಯಿಂಗ್ ಮಾಸ್ತರೇ.

ಎತ್ತರದ ಮನುಷ್ಯ, ಬಡಕಲು. ಕರಿ ಟೊಪ್ಪಿಗೆ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು, ಕೋಟಿನ ಬಲತೋಳಿಗೆ ಯಾವಾಗಲೂ ಸುಣ್ಣದ ಕಡ್ಡಿಯ ಧೂಳು. ಸಿದ್ದಾಪುರ ತಾಲೂಕಿನ ಬಿಳಗಿಯವರು, ಶಿರಸಿಗೆ ಬಂದು ಇಲ್ಲಿಯವರೇ ಆಗಿದ್ದರು. ಅವರಿಗೊಂದು ಚಾಳಿಯಿತ್ತು. ಕೈಗೆ ಏನು ಸಿಕ್ಕರೂ ಅದನ್ನು ಬೆಳಕಿಗೆ ಹಿಡಿದು ನೋಡುವುದು. ವೀಳ್ಯದೆಲೆ ಕೊಟ್ಟರೆ ಮೊದಲು ಬೆಳಕಿಗೆ ಹಿಡಿದು ಅದರ ನರಗಳನ್ನು ನೋಡಿ, ಆಮೇಲೆ ಸುಣ್ಣ. ನನ್ನ ಹೊಸ ಧೋತರದ ಸೆರಗನ್ನೂ ಹಾಗೆ ಎತ್ತಿ ನೋಡಿದ್ದುಂಟು. ಒಮ್ಮೆ ತಡವಾಗಿ ಬಂದರೆಂದು ಹೆಡ್‌ಮಾಸ್ತರರು ಅವರಿಗೊಂದು ಬೈಗುಳದ ಚೀಟಿ ಕಳಿಸಿದರು. ಇವರು ಅದನ್ನು ಕಿಡಕಿಯ ಕಡೆ ಎತ್ತಿ ಹಿಡಿದು, "ಕಾಗದ ಒಳ್ಳೇದಿದೆ ಮಾಸ್ತರೇ, ಒಳಗೆ ಕಿರೀಟದ ಗುರುತಿದೆ ನೋಡಿ" ಎಂದು ನನಗೆ ತೋರಿಸಿದರು. ಚೀಟಿಯಲ್ಲಿ ಬರೆದದ್ದನ್ನು ಓದಿದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಶಾಲೆಯಲ್ಲಿ ಡ್ರಾಯಿಂಗು ಎಂದರೆ ಊಟದೆಲೆಯ ತುದಿಯ ಉಪ್ಪಿನಕಾಯಿ. ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಪರೀಕ್ಷೆ ಹತ್ತಿರ ಬಂತೆಂದರೆ ನಾವು ಉಳಿದ ಮಾಸ್ತರರು ಅವರ ತಾಸನ್ನು ಕಸಿದುಕೊಳ್ಳುತ್ತಿದ್ದೆವು. ಹೆಚ್ಚು ಕಸಿದವನು ನಾನು, ಗಣಿತದವನು. ಅವರು ಕೈಯಲ್ಲೊಂದು ತಾಮ್ರದ ಚೊಂಬು ಹಿಡಿದು ತರಗತಿಯ ಬಾಗಿಲಿಗೆ ಬರುವರು, ನಾನು ಹಲಗೆಯ ಮೇಲೆ ಲೆಕ್ಕ ಬರೆಯುತ್ತಿರುವುದನ್ನು ನೋಡುವರು, ಚೊಂಬು ಹಿಡಿದುಕೊಂಡು ತಿರುಗಿ ಹೋಗುವರು. ಒಂದು ದಿನ ನಾನೇ ಕೇಳಿದೆ, "ನಿಮಗ ಸಿಟ್ಟು ಬರೂದಿಲ್ಲೇನ್ರಿ?"

"ಬರ್ತದೆ" ಎಂದರು. "ಸ್ಟಾಫ್ ರೂಮಿಗೆ ಹೋಗೂದ್ರೊಳಗೆ ಹೋಗ್ತದೆ."

ತಾಸು ಸಿಕ್ಕ ದಿನ ಅವರು ಆ ಚೊಂಬನ್ನು ಸ್ಟೂಲಿನ ಮೇಲಿಟ್ಟು ಹುಡುಗರಿಗೆ ಕೈ ಕಟ್ಟಿ ಕೂರಲು ಹೇಳುತ್ತಿದ್ದರು. ಅರ್ಧ ತಾಸು ಯಾರೂ ಪೆನ್ಸಿಲು ಮುಟ್ಟುವ ಹಾಗಿಲ್ಲ. "ಮೊದಲು ನೋಡಿ. ಚೊಂಬು ಹ್ಯಾಂಗಿದೆ ಹೇಳಿ ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೀರಿ. ಗೊತ್ತಿಲ್ಲ." ಹುಡುಗರಿಗೆ ಅದು ವಿಶ್ರಾಂತಿ. ನಮಗೆ ನಗೆ. ಹಲಗೆಯ ಮೇಲೆ ಭುಜದಿಂದ ತೋಳು ಬೀಸಿ ಒಂದೇ ಸುತ್ತಿಗೆ ಅವರು ಬರೆಯುತ್ತಿದ್ದ ವೃತ್ತ ಮಾತ್ರ ನಗುವಂಥದ್ದಾಗಿರಲಿಲ್ಲ. ನಾನು ಒಮ್ಮೆ ಗುಟ್ಟಾಗಿ ದಾರ ಹಿಡಿದು ಅಳೆದು ನೋಡಿದ್ದೇನೆ.

ಅವರು ನಿವೃತ್ತರಾದ ದಿನ ಶಾಲು ಹೊದಿಸಿ ಒಂದು ಕೈಕೋಲು ಕೊಟ್ಟೆವು. ಇನ್ನು ಜಗುಲಿಯ ಮೇಲೆ ಕೂತು ಎಲೆಅಡಿಕೆಯ ಕವಳ ಹಾಕುತ್ತಾರೆ ಎಂದುಕೊಂಡಿದ್ದರೆ, ಮುಂಬಯಿಯಲ್ಲಿ ನೌಕರಿಯಲ್ಲಿದ್ದ ತಮ್ಮನ ಮನೆಗೆ ಹೋದರು. ಎರಡು ತಿಂಗಳಿಗೆ ತಿರುಗಿ ಬಂದಾಗ ತೊಡೆಯ ಮೇಲೆ ಒಂದು ಮರದ ಪೆಟ್ಟಿಗೆ. ಹುಬ್ಬಳ್ಳಿಯಿಂದ ಶಿರಸಿಯವರೆಗೆ ಮೋಟಾರಿನಲ್ಲಿ ಅದನ್ನು ಕೆಳಗಿಡಲಿಲ್ಲವಂತೆ. ಒಳಗೆ ಹುಲ್ಲಿನಲ್ಲಿ ಸುತ್ತಿದ ಬಣ್ಣದ ಗಾಜು.

ನಡೆದದ್ದು ಇಷ್ಟು. ಮುಂಬಯಿಯಲ್ಲಿ ಒಂದು ದಿನ ಸಂಜೆ ತಿರುಗಾಡಲು ಹೋದವರು ಕ್ರಿಸ್ತರ ಒಂದು ಇಗರ್ಜಿಯ ಮುಂದೆ ನಿಂತರು. ಗೋಡೆಯಲ್ಲಿ ದೊಡ್ಡ ದೊಡ್ಡ ಕಿಡಕಿ, ಎಲ್ಲದಕ್ಕೂ ಕರ್ರನೆಯ ಗಾಜು. ಇಷ್ಟು ಒಳ್ಳೆಯ ಕಟ್ಟಡಕ್ಕೆ ಇದೆಂಥ ಕಿಡಕಿ ಎಂದುಕೊಂಡು ಬಾಗಿಲಲ್ಲಿ ಇಣುಕಿದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೇ ಹೋದರು. "ಒಳಗೆ ಹೋಗಿ ತಿರುಗಿ ನೋಡ್ತೇನೆ, ಮಾಸ್ತರೇ, ಅದೇ ಕರಿ ಗಾಜು! ಕೆಂಪೇನು, ನೀಲಿಯೇನು! ನನ್ನ ಧೋತರದ ಮೇಲೆಲ್ಲ ಬಣ್ಣ. ಮೂವತ್ತು ವರ್ಷ ಕಾಗದದ ಮೇಲೆ ಬಣ್ಣ ಹಚ್ಚಿದೆ. ಅದು ಬಣ್ಣ ಅಲ್ಲ, ಬಣ್ಣದ ಹೆಣ." ಮನೆಗೆ ಬಂದು ಸ್ನಾನ ಮಾಡಿದೆ, ಅದು ಬೇರೆ ಮಾತು ಎಂದೂ ಸೇರಿಸಿದರು. ಮರುದಿನದಿಂದ ಅಂಥ ಕಿಡಕಿಗಳನ್ನು ರಿಪೇರಿ ಮಾಡುವ ಒಬ್ಬ ಗೋವೆಯ ಮುದುಕನ ಅಂಗಡಿ ಹುಡುಕಿ, ಅಲ್ಲಿಯೇ ಕೂತರು. ಮುದುಕನಿಗೆ ಕೊಂಕಣಿ, ಇವರಿಗೆ ಅರ್ಧಂಬರ್ಧ ಕೊಂಕಣಿ. ನೋಡುವುದಕ್ಕೆ ಭಾಷೆ ಎಂತಕ್ಕೆ ಎಂದರು.

ಶಿರಸಿಯಲ್ಲಿ ಅವರ ಮನೆಯ ಹಿಂದಿನ ಸೌದೆ ಕೊಟ್ಟಿಗೆ ಕಾರ್ಖಾನೆಯಾಯಿತು. ಗಾಜಿನ ತುಂಡುಗಳನ್ನು ಒಂದಕ್ಕೊಂದು ಹಿಡಿದು ನಿಲ್ಲಿಸುವುದು ಸೀಸದ ಪಟ್ಟಿ. ಅದು ಶಿರಸಿಯಲ್ಲಿ ಎಲ್ಲಿ ಸಿಗಬೇಕು? ಕುಮಟೆಯಿಂದ ಮೀನುಬಲೆಯ ಸೀಸದ ಗುಂಡು ತರಿಸಿದರು, ಬಳಪದ ಕಲ್ಲಿನಲ್ಲಿ ತಾವೇ ಅಚ್ಚು ಕೊರೆದರು, ಕರಗಿಸಿ ಹೊಯ್ದರು. ಬೆಸುಗೆ ಕಲಿಸಿದವನು ಪೇಟೆಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಸಾಬರವನು. ಅವನು ಇವರನ್ನು ಮೂಲೆಯಲ್ಲಿ ಕೂರಿಸಿಕೊಂಡು ತವರ, ನವಸಾಗರ ಎಲ್ಲ ತೋರಿಸಿಕೊಟ್ಟ. ಊರು ಮಾತಾಡಿತು. ಅವರ ಹೆಂಡತಿಯ ತಕರಾರು ಬೇರೆ ಇತ್ತು. ಒಂದು ದಿನ ನಾನು ಹೋದಾಗ ಒಳಗಿಂದ ಕೇಳಿಸಿತು: "ಅನ್ನದ ಸಟ್ಟುಗ ಮುಟ್ಟಡಿ ಹೇಳಿ ಎಷ್ಟು ಸಲ ಹೇಳವು ಆನು? ಸೀಸ ಕಾಸಿದ ಸಟ್ಟುಗದಲ್ಲಿ ಬಡಿಸಿದ್ರೆ ಉಂಡವು ಬದುಕ್ತ್ವಾ?"

ಮಾಸ್ತರು ಹೊರಗೆ ಬಂದು, ಏನೂ ಆಗದವರ ಹಾಗೆ ಒಂದು ಹಸಿರು ಗಾಜನ್ನು ನನ್ನ ಕಣ್ಣಿಗೆ ಅಡ್ಡ ಹಿಡಿದು, "ಹ್ಯಾಂಗೆ ಕಾಣ್ತದೆ ಶಿರಸಿ?" ಎಂದರು. "ಶಿರಸಿ ಇದ್ದಂಗೇ ಅದರಿ, ಪಾಚಿ ಕಟ್ಟೇದ" ಎಂದೆ. ಅವರು ನಕ್ಕರು. ನನ್ನ ಮಾತಿಗೆ ಅವರು ಯಾವಾಗಲೂ ನಗುತ್ತಿದ್ದರು, ಅದೇ ನನಗೆ ಕೊಬ್ಬು ಹೆಚ್ಚಿಸಿದ್ದು.

ಯಲ್ಲಾಪುರದಲ್ಲಿ ಎರಡು ಮೋಟಾರು ಓಡಿಸುವ ಒಬ್ಬ ಸಾಹೇಬರಿದ್ದರು. ಅವರು ಮೋಟಾರು ನಿಲ್ಲುವ ಜಾಗದ ಎದುರಿಗೇ ಹೊಸ ಮಾಳಿಗೆ ಮನೆ ಕಟ್ಟಿಸುತ್ತಿದ್ದರು. ಕಲಾಯಿಯವನ ಬಾಯಿಂದ ಮಾಸ್ತರ ಗಾಜಿನ ಸುದ್ದಿ ಕೇಳಿ, ತಮ್ಮ ಮನೆಗೊಂದು ಕಿಡಕಿ ಮಾಡಿಕೊಡಬೇಕೆಂದು ಹೇಳಿಕಳಿಸಿದರು. ಅಳತೆಗೆ ಹೋಗುವಾಗ ಮಾಸ್ತರು ನನ್ನನ್ನೂ ಕರೆದುಕೊಂಡು ಹೋದರು. ಮನೆಗೆ ಆಗ ಬರೀ ಗೋಡೆ, ಮೇಲೆ ತೊಲೆಗಳು. ಏಣಿ ಹತ್ತಿ ಮೇಲಿನ ಪಡುವಣ ಕೋಣೆಗೆ ಹೋದೆವು. ಕಿಡಕಿ ಬರುವ ಜಾಗದಲ್ಲಿ ಆಳೆತ್ತರದ ಕಂಡಿ, ಅದರಲ್ಲಿ ನೇರವಾಗಿ ಇಳಿಹೊತ್ತಿನ ಬಿಸಿಲು. ಮಾಸ್ತರು ಆ ಬಿಸಿಲಿನಲ್ಲಿ ಹೋಗಿ ನಿಂತವರು ನಿಂತೇಬಿಟ್ಟರು.

"ನಮ್ಮ ಮೋಟಾರಿಂದ ಇಳಿದವರೆಲ್ಲ ಕತ್ತೆತ್ತಿ ಈ ಕಿಡಕಿ ನೋಡಬೇಕು ಮಾಸ್ತರೇ" ಎಂದರು ಸಾಹೇಬರು. "ಒಂದೇ ಮಾತು. ಮನುಷ್ಯ, ಜನಾವರ ಇದರಲ್ಲಿ ಬೇಡ. ನಮ್ಮಲ್ಲಿ ನಡೆಯೂದಿಲ್ಲ."

"ಹೊಳೆ ಆಗಬಹುದಾ?"

"ಆಗ್ತದೆ. ಬೇಡ್ತಿ ಹೊಳೆ ಮಾಡಿ. ನನ್ನ ಗಾಡಿಗೆ ದಿನಾ ನೀರು ಕೊಡೂದು ಅದೇ."

ಮೊದಲು ಹೇಳಿದ ಆ ಕತ್ತೆತ್ತುವ ಮಾತು ಮಾಸ್ತರ ಕಿವಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೆ, ಹೊರಗಿನಿಂದ ಕತ್ತೆತ್ತಿದರೆ ಕಾಣುವುದು ಕಪ್ಪೇ ಎಂದು ಹೇಳುತ್ತಿದ್ದರು. ಇಗರ್ಜಿಯ ಕಥೆ ಕೇಳಿದ್ದ ನನಗಾದರೂ ಹೊಳೆಯಬೇಕಿತ್ತು. ನನಗೆ ಆ ಹೊತ್ತಿಗೆ ಚಹಾದ ಚಿಂತೆ. ಹೀಗೆ ಸಾಹೇಬರು ಬೀದಿಯಲ್ಲಿ ನಿಂತು ನೋಡುವ ಕಿಡಕಿ ಹೇಳಿದರು, ಮಾಸ್ತರು ಕೋಣೆಯಲ್ಲಿ ನಿಂತು ನೋಡುವ ಕಿಡಕಿ ಒಪ್ಪಿಕೊಂಡರು.

ಎಂಟು ತಿಂಗಳು ಹಿಡಿಯಿತು. ಮುಂಬಯಿಯಿಂದ ಎರಡು ಬಗೆಯ ಗಾಜು ಬೇರೆಯಾಗಿ ತರಿಸಿದರು. ನೀಲಿ ಹೊಳೆಗೆ, ನೇರಳೆ ಹಿಂದಿನ ಗುಡ್ಡಕ್ಕೆ. ಕತ್ತರಿಸುವ ಮೊದಲು ಪ್ರತಿಯೊಂದು ಹಾಳೆಯನ್ನೂ ಆಕಾಶಕ್ಕೆ ಎತ್ತಿ ಹಿಡಿದು, ಕಣ್ಣು ಕಿರಿದು ಮಾಡಿ ನೋಡುವರು, ಮತ್ತೆ ಒರೆಸುವರು, ಮತ್ತೆ ನೋಡುವರು. ಈಗೀಗ ಗಾಜಿನ ಮೇಲೆ ಧೂಳು ಬಹಳ ಕೂರ್ತದೆ ಎನ್ನುವರು. ನನಗೆ ಧೂಳು ಕಾಣಿಸಿದ್ದಿಲ್ಲ. ಮುಗಿದ ಕಿಡಕಿಯನ್ನು ಹಲಗೆಯ ಮೇಲೆ ಮಲಗಿಸಿದ್ದಾಗ ನೋಡಿದೆ. ಹಲಗೆಯ ಮೇಲೆ ಎಲ್ಲ ಕಪ್ಪೇ. ನೀಲಿ ಯಾವುದು ನೇರಳೆ ಯಾವುದು, ದೇವರಿಗೇ ಗೊತ್ತು.

ಅದನ್ನು ಕೂರಿಸಲು ನಾವು ಹೋಗುವಷ್ಟರಲ್ಲಿ ಸಾಹೇಬರ ಕುಟುಂಬ ಮನೆ ಸೇರಿತ್ತು. ಆ ಪಡುವಣ ಕೋಣೆ ಅವರ ತಾಯಿಯದು, ಹೆಂಗಸರದು ಆಗಿತ್ತು. ಗೋಡೆ ಮಾತ್ರ ಇದ್ದಾಗ ಮಾಸ್ತರು ಧಾರಾಳ ಓಡಾಡಿದ ಕೋಣೆಗೆ ಈಗ ಪರದೆ ಬಿದ್ದಿತ್ತು. ಆಚಾರಿ ಹೊರಗಿನಿಂದ ಏಣಿ ಇಟ್ಟು ಕೂರಿಸಿದ. ಬೆಳಗಿನ ಹತ್ತು ಗಂಟೆ. ಮೋಟಾರು ಕಾಯುವ ಜನವೆಲ್ಲ ಕೆಳಗೆ ಗುಂಪು ಕೂಡಿತ್ತು. ಆಚಾರಿ ಏಣಿ ತೆಗೆದ. ಹೊಸ ಬಿಳಿ ಗೋಡೆಯ ನಡುವೆ ಆಳೆತ್ತರದ ಒಂದು ಕರಿ ಚೌಕ.

ಸಾಹೇಬರು ಕತ್ತೆತ್ತಿ ನೋಡಿ, "ಬಣ್ಣ ಎಲ್ಲಿ ಮಾಸ್ತರೇ?" ಎಂದರು.

"ಒಳಗೆ ಇದೆ. ಒಳಗಿಂದ ನೋಡಬೇಕು."

"ಒಳಗೆ ಹೆಂಗಸರಿದ್ದಾರಲ್ಲ!"

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬರು ದೊಡ್ಡ ಮನುಷ್ಯ, ಕೂಗಾಡಲಿಲ್ಲ. ತಾವೇ ಒಳಗೆ ಹೋಗಿ ನೋಡಿ ಬಂದರು. ಬೆಳಗಿನ ಹೊತ್ತು, ಪಡುವಣ ಕಿಡಕಿ. ಅವರಿಗೆ ಏನು ಕಂಡೀತು? "ಚಲೋ ಇದೆ" ಎಂದರು, ಚಹಾ ಕುಡಿಸಿದರು, ಕೊಡಬೇಕಾದ್ದನ್ನು ಕೈಗೆ ಕೊಟ್ಟರು. ಮಾಸ್ತರು ಮೋಟಾರು ಹೊರಡುವವರೆಗೆ ಕೆಳಗೆ ನಿಂತು ಆ ಕರಿ ಚೌಕವನ್ನೇ ನೋಡುತ್ತಿದ್ದರು. ತಮ್ಮ ಕಿಡಕಿಯ ಬೆನ್ನು ಮಾತ್ರ ಅವರಿಗೆ ದಕ್ಕಿತು.

ಮರುದಿನ ಸ್ಟಾಫ್ ರೂಮಿನಲ್ಲಿ ಈ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದವನು ನಾನು. "ಡ್ರಾಯಿಂಗ್ ಮಾಸ್ತರು ಎಂಟು ತಿಂಗಳು ದುಡಿದು, ಸಾಹೇಬರ ಮನ್ಯಾಗ ಅಮಾಸಿ ಕೂಡಿಸಿ ಬಂದ್ರು ನೋಡ್ರಿ" ಎಂದೆ. ಮಾತು ನನಗೇ ಹಿಡಿಸಿತು. ಎರಡು ಕಡೆ ಮತ್ತೆ ಹೇಳಿದೆ. ವಾರದೊಳಗೆ ಅದು 'ಅಮಾಸಿ ಕಿಡಕಿ'ಯಾಗಿ ಯಲ್ಲಾಪುರದ ಮೋಟಾರಿನಲ್ಲಿ ಕೇಳಿತು, ಸಿದ್ದಾಪುರದ ಪೇಟೆಯಲ್ಲಿ ಕೇಳಿತು. ಸಿದ್ದಾಪುರದ ಒಬ್ಬ ವರ್ತಕರು ತಮ್ಮ ಹೊಸ ಮನೆಯ ದೇವರ ಕೋಣೆಗೆ ಒಂದು ಕಿಡಕಿ ಬೇಕೆಂದು ಮಾಸ್ತರಿಗೆ ಹೇಳಿದ್ದರು. ಅಲ್ಲಿಯಾದರೆ ಮಾಸ್ತರು ಬೇಕಾದಾಗ ಒಳಗೆ ಹೋಗಿ ನೋಡಬಹುದಿತ್ತು. ಶುಭ ಕೋಣೆಗೆ ಅಮಾವಾಸ್ಯೆ ಯಾಕೆ ಎಂದು ಅವರ ಮನೆಯಲ್ಲಿ ಹೆಂಗಸರು ಹಟ ಹಿಡಿದರಂತೆ. ಸದ್ಯಕ್ಕೆ ಬೇಡ ಎಂದು ಕಾರ್ಡು ಬಂತು. ಆಮೇಲೆ ಯಾರೂ ಅವರ ಹತ್ತಿರ ಕಿಡಕಿ ಕೇಳಲಿಲ್ಲ.

ಅವರು ಒಂದು ದಿನ ಹಾದಿಯಲ್ಲಿ ಸಿಕ್ಕು, "ಹೆಸರು ನೀವೇ ಇಟ್ಟದ್ದಂತೆ" ಎಂದರು.

"ಚ್ಯಾಷ್ಟಿಗೆ ಅಂದೆರಿ."

"ಹೌದು. ನಗು ಬರ್ತದೆ" ಎಂದರು. ನಗಲಿಲ್ಲ. ಸ್ವಲ್ಪ ದೂರ ಜೊತೆಗೆ ನಡೆದು, "ಹೆಸರು ಏನಾದರೂ ಇರಲಿ ಮಾಸ್ತರೇ. ಒಂದು ಸಲ, ಒಂದೇ ಸಲ, ಇಳಿಹೊತ್ತಿಗೆ ಆ ಕೋಣೆಯಲ್ಲಿ ನಿಲ್ಲೂಕೆ ಆಗಿದ್ರೆ ಸಾಕಿತ್ತು. ಹೊಳೆ ಸರಿ ಬಂತೋ ಇಲ್ಲವೋ ಗೊತ್ತಾಗ್ತಿತ್ತು" ಎಂದರು. ಸಾಹೇಬರನ್ನು ಕೇಳಿದರಾಯಿತಲ್ಲ ಎಂದೆ. "ಹೆಂಗಸರ ಕೋಣೆ ನೋಡ್ತೇನೆ ಹೇಳಿ ಕೇಳೂದು ಹ್ಯಾಂಗೆ?" ಎಂದರು. ಕೇಳಲೂ ಇಲ್ಲ.

ಆ ವರ್ಷದ ದೀಪಾವಳಿಯ ಹೊತ್ತಿಗೆ ಧೂಳಿನ ಗುಟ್ಟು ಬಯಲಾಯಿತು. ದೀಪದ ಸುತ್ತ ಬಳೆ ಕಾಣುತ್ತದೆಂದು ಹುಬ್ಬಳ್ಳಿಗೆ ಹೋಗಿ ಕಣ್ಣು ತೋರಿಸಿದರು. ಎರಡೂ ಕಣ್ಣಿಗೆ ಪೊರೆ. ಬಹಳ ದಿನದಿಂದ ಬೆಳೆಯುತ್ತ ಬಂದದ್ದು. ಪೊರೆ ಇನ್ನೂ ಹಣ್ಣಾಗಿಲ್ಲ, ಹಣ್ಣಾದ ಮೇಲೆ ತೆಗೆಯೋಣ ಎಂದು ಡಾಕ್ಟರು ಕಳಿಸಿದರು. ಮಾಘದ ಹೊತ್ತಿಗೆ ಮಾಸ್ತರಿಗೆ ಲೋಕವೆಲ್ಲ ಒದ್ದೆ ಪಂಚೆಯ ಹಿಂದೆ ಇದ್ದ ಹಾಗೆ ಕಾಣುತ್ತಿತ್ತು. ಎದುರಿಗೆ ನಿಂತವರನ್ನು ಧ್ವನಿಯಿಂದ ಗುರುತು ಹಿಡಿಯುತ್ತಿದ್ದರು. ಆದರೂ ದಿನಾ ಕೊಟ್ಟಿಗೆಗೆ ಹೋಗಿ ಗಾಜಿನ ಚೂರುಗಳನ್ನು ಒರೆಸಿ ಒರೆಸಿ ಇಡುತ್ತಿದ್ದರಂತೆ.

ಆಗ ಬಂತು ಯಲ್ಲಾಪುರದಿಂದ ಕರೆ, ಅದೂ ಸಾಹೇಬರ ತಾಯಿಯದು. ಕಿಡಕಿ ಮಾಡಿದವರು ಅದನ್ನು ಒಳಗಿನಿಂದ ನೋಡಿಯೇ ಇಲ್ಲವೆಂದು ಮುದುಕಿಗೆ ಹೇಗೋ ತಿಳಿಯಿತು. ಗುರುವಾರ ಇಳಿಹೊತ್ತಿಗೆ ಬರಲಿ, ಕೋಣೆ ಬಿಟ್ಟುಕೊಡುತ್ತೇವೆ ಎಂದು ಮೋಟಾರಿನ ಡ್ರೈವರನ ಕೈಯಲ್ಲಿ ಹೇಳಿಕಳಿಸಿದ್ದಳು. ಮಾಸ್ತರಿಗೆ ಕೈ ಹಿಡಿದು ನಡೆಸಲು ಒಬ್ಬರು ಬೇಕು. ನನ್ನ ಮನೆಗೆ ಬಂದರು.

"ನಾನ್ಯಾಕ್ರಿ?" ಎಂದೆ. ನನಗೆ ಮುಖ ತೋರಿಸಲು ಸಂಕೋಚ.

"ನಕ್ಕವರು ನೀವು. ನೀವೇ ನೋಡಿ ಹೇಳಿ" ಎಂದರು. ಸಿಟ್ಟಿನಿಂದ ಹೇಳಿದರೆ ತಡೆದುಕೊಳ್ಳಬಹುದಿತ್ತು. ಸಾದಾ ಮಾತಿನಲ್ಲಿ ಹೇಳಿದರು.

ಗುರುವಾರ ಹೋದೆವು. ಸಾಹೇಬರು ತಾವೇ ಕೈಹಿಡಿದು ಮೇಲೆ ಹತ್ತಿಸಿ, ಬಾಗಿಲವರೆಗೆ ಬಿಟ್ಟು ಕೆಳಗೆ ಹೋದರು. ಹೆಂಗಸರೆಲ್ಲ ಅಡಿಗೆಮನೆಯ ಕಡೆ ಸರಿದಿದ್ದರು. ಮುದುಕಿ ಮಾತ್ರ ಪಕ್ಕದ ಬಾಗಿಲ ಪರದೆಯ ಹಿಂದೆ. ನಾನು ಬಾಗಿಲು ದಾಟಿದವನು ಅಲ್ಲೇ ನಿಂತೆ. ಏನೆಂದು ಹೇಳಲಿ? ಕೋಣೆಯ ಸುಣ್ಣದ ಗೋಡೆ ಸುಣ್ಣದ ಗೋಡೆಯಾಗಿ ಉಳಿದಿರಲಿಲ್ಲ. ನೆಲದ ಚಾಪೆ, ಹಾಸಿಗೆಯ ಬಿಳಿ ಹೊದಿಕೆ, ನೀರಿನ ಹೂಜಿ, ಎಲ್ಲದರ ಮೇಲೂ ಬಣ್ಣ ಹರಿದಿತ್ತು. ನನ್ನ ಎರಡೂ ಕೈ ಹಸಿರಾಗಿದ್ದವು. ನಾನು ಆ ಹೊತ್ತು ಅನುಭವಿಸಿದ ನಾಚಿಕೆಯನ್ನು ಜನ್ಮದಲ್ಲಿ ಅನುಭವಿಸಿಲ್ಲ. ಇದಕ್ಕೆ ನಾನು ಅಮಾವಾಸ್ಯೆ ಎಂದಿದ್ದೆ.

ಮಾಸ್ತರು ನನ್ನ ಕೈ ಬಿಟ್ಟು, ಬೆಳಕಿನ ಕಡೆ ಎರಡು ಹೆಜ್ಜೆ ಹೋಗಿ ಮುಖ ಎತ್ತಿದರು. ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಕಣ್ಣು ಕಿರಿದು ಮಾಡಿದರು.

"ಬೆಳಕು ಕಾಣ್ತದೆ" ಎಂದರು. "ಕೆಂಪು ಕಾಣ್ತದೆ, ಮೇಲೆ. ಅದು ಸೂರ್ಯ. ಹೊಳೆ ಕಾಣೂದಿಲ್ಲ. ಮಾಸ್ತರೇ, ಹೊಳೆ ಹ್ಯಾಂಗಿದೆ? ನೀಲಿ ಸರಿ ಬಂದಿದೆಯಾ?"

ನಾನು ನೋಡಿದೆ. ಹಿಂದಿನ ಗುಡ್ಡಗಳು ಅಚ್ಚ ನೀಲಿಯಾಗಿದ್ದವು. ಕೆಳಗೆ ಏಳು ತುಂಡಿನಲ್ಲಿ ಬಳಸಿ ಬಂದ 'ಬೇಡ್ತಿ ಹೊಳೆ' ನೇರಳೆ ಬಣ್ಣದ್ದಾಗಿತ್ತು. ಗುಡ್ಡದ ಗಾಜು ಹೊಳೆಗೆ ಹೋಗಿತ್ತು, ಹೊಳೆಯದು ಗುಡ್ಡಕ್ಕೆ. ಎಂಟು ತಿಂಗಳು ಒಂದೊಂದೇ ಹಾಳೆಯನ್ನು ಆಕಾಶಕ್ಕೆ ಹಿಡಿದು ನೋಡಿದ ಮನುಷ್ಯ ನೋಡುತ್ತಿದ್ದದ್ದು ಪೊರೆಯ ಮೂಲಕ.

"ನೀಲಿ, ಭಾಳ ಚಂದ ಬಂದದರಿ" ಎಂದೆ.

ಪರದೆಯ ಹಿಂದಿನಿಂದ ಮುದುಕಿ ನಕ್ಕಳು. "ನೀಲಿ ಎಲ್ಲಿ ಭಾಯಿ, ನೀವು ಗುಡ್ಡ ನೋಡಿ ಹೇಳ್ತೀರಿ. ಹೊಳೆ ನೇರಳೆ ಅಲ್ವಾ! ನೇರಳೆ ಹಣ್ಣು ಹಿಂಡಿದ ಹಾಗೆ. ಮಾಸ್ತರ್ ಸಾಬ್, ನಾನು ದಿನಾ ಅದರ ಮುಂದೇ ನಮಾಜಿಗೆ ಕೂತ್ಕೊಳ್ಳೂದು. ಕೂತ್ಕೊಂಡ್ರೆ ಹೊಳೆ ನನ್ನ ಮಡಿಲಿಗೇ ಬರ್ತದೆ. ಎಲ್ಲರೂ ಹೊಳೆಗೆ ನೀಲಿ ಹಾಕ್ತಾರೆ, ಇವರಿಗೆ ನೇರಳೆ ಹಾಕೂ ಬುದ್ಧಿ ಯಾರು ಕೊಟ್ರು ಅಂತ ಸೊಸೆಗೆ ದಿನಾ ಹೇಳ್ತೇನೆ. ಅಲ್ಲಾ ನಿಮ್ಮ ಕಣ್ಣಿಗೆ ಬರಕತ್ತು ಕೊಡಲಿ."

ಅವಳು ಹೊಗಳುತ್ತಿದ್ದಳು. ಮನಸ್ಸು ತುಂಬಿ ಹೊಗಳುತ್ತಿದ್ದಳು. ಮಾಸ್ತರ ಮೂಗಿನ ಮೇಲೊಂದು ಹಳದಿ ಬೆಳಕಿನ ತುಂಡು ಬಿದ್ದಿತ್ತು, ಅದನ್ನು ಕೈಯಿಂದ ಒರೆಸಿಕೊಂಡ ಹಾಗೆ ಮಾಡಿದರು. ಆಮೇಲೆ, "ಹೌದಮ್ಮಾ. ಸಂಜೆಯ ಹೊಳೆ ಅದು" ಎಂದರು. ಧ್ವನಿ ಮಾತ್ರ ಅವರದ್ದಾಗಿರಲಿಲ್ಲ.

ತಿರುಗಿ ಬರುವಾಗ ಸಾಹೇಬರು ನಮಗಾಗಿ ಮೋಟಾರು ತಡೆದು ನಿಲ್ಲಿಸಿದ್ದರು. ಮಾಸ್ತರನ್ನು ಕಿಡಕಿಯ ಹತ್ತಿರ ಕೂರಿಸಿ ನಾನು ಪಕ್ಕದಲ್ಲಿ ಕೂತೆ. ಎರಡು ಮೈಲಿನ ಮೇಲೆ, ತಮ್ಮಷ್ಟಕ್ಕೆ ಹೇಳಿಕೊಂಡ ಹಾಗೆ, "ಆನು ನೀಲಿನೇ ಹಾಕಿದ್ದೆ" ಎಂದರು. ನನ್ನೆದುರಿಗೆ ಅವರು ತಮ್ಮ ಮನೆಮಾತು ಆಡಿದ್ದು ಅದೊಂದೇ ಸಲ. ನಾನು ಕ್ಷಮೆ ಕೇಳಬೇಕಿತ್ತು. ಅಮಾವಾಸ್ಯೆಯ ಮಾತಿಗೆ ಕೇಳಬೇಕೋ ನೀಲಿಯ ಮಾತಿಗೆ ಕೇಳಬೇಕೋ ತಿಳಿಯದೆ ಕಂಬಿ ಹಿಡಿದು ಕೂತಿದ್ದೆ.

ಬೇಡ್ತಿ ಹೊಳೆಯ ದಂಡೆಯಲ್ಲಿ ಮೋಟಾರು ನಿಂತಿತು. ಇಂಜಿನಿಗೆ ನೀರು ಹಾಕಬೇಕು. ಡ್ರೈವರ ಡಬ್ಬಿ ಹಿಡಿದು ಕೆಳಗಿಳಿದ. ಹಿಂದೆ ಕೂತಿದ್ದ ಇಬ್ಬರು ಬೀಡಿ ಹಚ್ಚಲು ರಸ್ತೆಯ ಆಚೆ ಹೋದರು. ಹೊತ್ತು ಆಗಷ್ಟೇ ಮುಳುಗಿತ್ತು. ನೀರಿನ ಸಪ್ಪಳ ಕೇಳಿ ಮಾಸ್ತರು ಆ ಕಡೆ ಮುಖ ತಿರುಗಿಸಿದರು.

"ಈಗ ಹೊಳೆ ಯಾವ ಬಣ್ಣ ಇದೆ ಮಾಸ್ತರೇ?"

ನಾನು ಬಗ್ಗಿ ನೋಡಿದೆ. ಈ ಹಾದಿಯಲ್ಲಿ ಎಷ್ಟು ಸಲ ಓಡಾಡಿದ್ದೇನೆ, ಒಂದು ಸಲವೂ ಆ ಹೊಳೆಯನ್ನು ನೋಡಿದವನಲ್ಲ. ಪಡುವಣ ಕೆಂಪು ಆರುತ್ತಿತ್ತು. ಕೆಳಗೆ ಬಂಡೆಗಳ ನಡುವೆ ನಿಂತ ನೀರು ನೇರಳೆಯಾಗಿತ್ತು. ಮುದುಕಿ ಹೇಳಿದ ಹಾಗೆ, ಹಣ್ಣು ಹಿಂಡಿದ ಹಾಗೆ.

"ನೇರಳೆರಿ! ಅದೇ ನೇರಳೆ! ನೀವು ಹಾಕಿದ್ದೇ ಬಣ್ಣ, ಮಾಸ್ತರ್ರೇ!"

ಅವರು ನನ್ನ ಕಡೆ ತಿರುಗಿದರು. "ಅಲ್ಲಿ ನೀಲಿ ಅಂದ್ರಿ. ಇಲ್ಲಿ ನೇರಳೆ ಅಂತೀರಿ. ನನ್ನ ಸಮಾಧಾನಕ್ಕೆ ಇನ್ನೂ ಎಷ್ಟು ಬಣ್ಣ ಹೇಳ್ತೀರಿ ಮಾಸ್ತರೇ?"

"ನನ್ನ ಮಕ್ಕಳಾಣೆರಿ. ಈ ಸಲ ಖರೇ ಹೇಳ್ತೀನಿ."

"ಮಕ್ಕಳ ಮೇಲೆಲ್ಲ ಆಣೆ ಇಡಬೇಡಿ" ಎಂದು ನನ್ನ ಮೊಣಕಾಲು ತಟ್ಟಿದರು.

ನಾನು ಕೆಳಗಿಳಿದು ಡ್ರೈವರನನ್ನು ಕೂಗಿ ಕರೆದೆ. ಅವನು ನೀರು ತುಂಬಿ, ಮುಚ್ಚಳ ತಿರುಪಿ, ಡಬ್ಬಿ ಒಳಗಿಟ್ಟು, ಕೈ ಒರೆಸಿಕೊಳ್ಳುತ್ತ ಬಂದ. ಹೊಳೆ ಯಾವ ಬಣ್ಣ ಇದೆ, ಮಾಸ್ತರಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳು ಎಂದೆ. ಅವನಿಗೆ ನನ್ನ ತಲೆ ಕೆಟ್ಟಿದೆ ಅನಿಸಿರಬೇಕು. ನೀರಿನ ಕಡೆ ನೋಡಿದ. ನಾನೂ ನೋಡಿದೆ. ಅಷ್ಟರಲ್ಲಿ ಪಡುವಣ ಕೆಂಪು ಪೂರ್ತಿ ಆರಿಹೋಗಿತ್ತು.

"ಕಪ್ಪು" ಎಂದ. "ಈ ಹೊತ್ತಲ್ಲಿ ಮತ್ತೆ ಎಂತ ಬಣ್ಣ ಇರ್ತದೆ?"

ಮಾಸ್ತರು ತಲೆಯಾಡಿಸಿ, ಕೈಕೋಲನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಮೋಟಾರು ಘಟ್ಟ ಏರತೊಡಗಿತು. ಶಿರಸಿಯವರೆಗೂ ಅವರು ಕಣ್ಣು ತೆರೆಯಲಿಲ್ಲ. ಆ ಹೊಳೆ ನೇರಳೆಯಾಗಿತ್ತು, ನಾನು ನೋಡಿದ್ದೇನೆ. ಅದನ್ನು ನಂಬಬೇಕಾದ ಒಬ್ಬ ಮನುಷ್ಯ ನನ್ನನ್ನು ನಂಬಲಿಲ್ಲ.